ಪರ-ವಿರೋಧ: ಆಸ್ಪತ್ರೆಗೆ ದಾಖಲಾಗುವ ಪ್ರತಿಯೊಬ್ಬರಿಗೂ ಪೋಷಣೆಯ ಸ್ಕ್ರೀನಿಂಗ್ ಕಡ್ಡಾಯವಾಗಬೇಕೆ?

ಪರ: ಮೊದಲ 24 ಗಂಟೆಯಲ್ಲೇ ಆಗಲಿ, ಯಾರನ್ನೂ ಬಿಡುವುದು ಬೇಡ
(ಆಸ್ಪತ್ರೆಯ ಡಯಟೀಷಿಯನ್, ಅಂದರೆ ಆಹಾರ ತಜ್ಞರೊಬ್ಬರ ವಾದ)

ವಾರ್ಡಿಗೆ ಬಂದ ಹೊಸ ರೋಗಿಯ ಕೇಸ್ ಶೀಟ್ ತೆಗೆದು ನೋಡಿ. ಬಿಪಿ, ನಾಡಿ, ಜ್ವರ, ಆಮ್ಲಜನಕದ ಮಟ್ಟ ಎಲ್ಲವನ್ನೂ ಸಮಯ ಹಾಕಿ ಬರೆದಿರುತ್ತಾರೆ. ತೂಕದ ಕಾಲಂ ಮಾತ್ರ ಖಾಲಿ. ತುಂಬಿದ್ದರೂ ರೋಗಿ ಬಾಯಲ್ಲಿ ಹೇಳಿದ ಅಂದಾಜು. ಆರು ತಿಂಗಳ ಹಿಂದೆ ತೂಕ ಎಷ್ಟಿತ್ತು, ಕಳೆದ ವಾರ ಊಟ ಹೇಗೆ ಸೇರುತ್ತಿತ್ತು ಎಂದು ಯಾರೂ ಕೇಳಿರುವುದಿಲ್ಲ. ಇದು ಹೊಸ ದೂರೇನಲ್ಲ. ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ದಾಖಲಾದ 500 ರೋಗಿಗಳನ್ನು ಅಳೆದು ನೋಡಿದ ವರದಿ 1994ರಲ್ಲೇ ಬಂತು. 200 ಮಂದಿ ಅಪೌಷ್ಟಿಕರಾಗಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಕಡತದಲ್ಲಿ ಪೋಷಣೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸ್ಕ್ರೀನಿಂಗ್ ಅಂದರೆ ದೊಡ್ಡ ಪರೀಕ್ಷೆಯಲ್ಲ, ಅಪೌಷ್ಟಿಕತೆಯ ಅಪಾಯ ಯಾರಿಗಿದೆ ಎಂದು ಬೇಗನೆ ಜರಡಿ ಹಿಡಿಯುವುದು. ‘ಮಸ್ಟ್’ ಎಂಬ ಅಳತೆಪಟ್ಟಿಯಲ್ಲಿ ಅಂಕ ಹಾಕುವ ಹೆಜ್ಜೆ ಮೂರೇ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 20ಕ್ಕಿಂತ ಹೆಚ್ಚಿದ್ದರೆ 0, 18.5ರಿಂದ 20ರ ನಡುವೆ 1, ಅದಕ್ಕೂ ಕಡಿಮೆಯಾದರೆ 2. ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ಇಳಿದ ತೂಕ ಶೇ 5ರೊಳಗಿದ್ದರೆ 0, ಶೇ 5ರಿಂದ 10 ಆದರೆ 1, ಶೇ 10 ದಾಟಿದರೆ 2. ತೀವ್ರ ಕಾಯಿಲೆಯಿಂದ ಐದು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಬಿದ್ದಿಲ್ಲ ಅಥವಾ ಬೀಳುವಂತಿಲ್ಲ ಎಂದಾದರೆ ಇನ್ನೆರಡು. ಒಟ್ಟು 2 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, ಡಯಟೀಷಿಯನ್ ನೋಡಲೇಬೇಕು. ವಾರಕ್ಕೊಮ್ಮೆ ಮತ್ತೆ ಅಳೆಯಬೇಕು. ನರ್ಸ್ ಇದನ್ನು ಐದಾರು ನಿಮಿಷದಲ್ಲಿ ಮುಗಿಸಬಹುದು.

‘ನೋಡಿದರೇ ಗೊತ್ತಾಗುತ್ತದಲ್ಲ, ಅಳೆಯುವುದೇಕೆ’ ಎನ್ನುವವರಿಗೆ ಒಂದು ಲೆಕ್ಕ. ಎತ್ತರ 168 ಸೆಂ.ಮೀ., ಈಗ ತೂಕ 84 ಕೆಜಿ, ಬಿಎಂಐ ಹತ್ತಿರ ಹತ್ತಿರ 30. ಕಣ್ಣಿಗೆ ಈ ರೋಗಿ ದಪ್ಪ. ಆರು ತಿಂಗಳ ಹಿಂದೆ ಇದೇ ವ್ಯಕ್ತಿ 96 ಕೆಜಿ ಇದ್ದರು, ಇಳಿಸುವ ಪ್ರಯತ್ನವನ್ನೇನೂ ಮಾಡಿರಲಿಲ್ಲ. ಇಳಿದದ್ದು ಶೇ 12.5. ಅಂಕ 2. ಕಾಯಿಲೆಯಲ್ಲಿ ಹೀಗೆ ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲು ದೊಡ್ಡದು. ಕೆಮ್ಮಿ ಕಫ ಹೊರಹಾಕಲು, ಹಾಸಿಗೆಯಿಂದ ಏಳಲು, ಗಾಯ ಮಾಯಲು ಬೇಕಾದದ್ದೂ ಅದೇ. ಇಂಥವರನ್ನು ಕಣ್ಣಳತೆ ಪ್ರತಿ ಸಲವೂ ಬಿಟ್ಟುಬಿಡುತ್ತದೆ.

ನಿಲ್ಲಲಾಗದವರ ತೂಕ ನೋಡುವುದು ಹೇಗೆ ಎಂಬ ನೆಪವೂ ಬೇಡ. ಎಡಗೈಯನ್ನು ಮೊಣಕೈಯಲ್ಲಿ ಮಡಿಸಿ, ಭುಜದ ಎಲುಬಿನ ತುದಿಗೂ ಮೊಣಕೈ ತುದಿಗೂ ನಡುಮಧ್ಯದಲ್ಲಿ ಗುರುತು ಹಾಕಿ. ಕೈ ಇಳಿಬಿಡಿಸಿ ಆ ಗುರುತಿನ ಮೇಲೆ ಟೇಪು ಸುತ್ತಿ; ಟೇಪು ತಾಗಬೇಕು, ಚರ್ಮ ಒತ್ತಬಾರದು. 23.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಬಿಎಂಐ 20ಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು. ಕಾಲು ಊದಿಕೊಂಡಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತೂಕದ ಯಂತ್ರವನ್ನು ನಂಬಬೇಡಿ. ಉಂಗುರ ಸಡಿಲವಾಯಿತೆ, ಬೆಲ್ಟಿನ ತೂತು ಎಷ್ಟು ಹಿಂದೆ ಹೋಯಿತು ಎಂದು ಮನೆಯವರನ್ನು ಕೇಳಿ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿನ ವರದಿ ನೋಡಿ ಪೋಷಣೆ ಅಳೆಯುವ ಹಳೆಯ ರೂಢಿಯನ್ನಂತೂ ಬಿಡಲೇಬೇಕು. ಉರಿಯೂತ ಇದ್ದಾಗ ಚೆನ್ನಾಗಿ ಉಣ್ಣುವವರಲ್ಲೂ ಅದು ಬೀಳುತ್ತದೆ.

ಅಂಕ ಬಂದ ಮೇಲೆ ಮಾಡುವ ಕೆಲಸವೂ ಅಷ್ಟೇ ಸ್ಪಷ್ಟ. ಹೆಚ್ಚಿನ ರೋಗಿಗಳಿಗೆ ದಿನಕ್ಕೆ ಕೆಜಿಗೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಗುರಿ. 60 ಕೆಜಿಯ ರೋಗಿಗೆ 1500ರಿಂದ 1800 ಕ್ಯಾಲೊರಿ, 72ರಿಂದ 90 ಗ್ರಾಂ ಪ್ರೋಟೀನ್. ಮೂರು ಊಟವನ್ನು ಆರಾಗಿ ಒಡೆಯಿರಿ. ಪ್ರಮಾಣ ಹೆಚ್ಚಿಸದೆ ಸೂಪಿಗೆ ಹಾಲಿನ ಪುಡಿ, ಬೆಣ್ಣೆ, ಮೊಟ್ಟೆ ಸೇರಿಸಿ ಸತ್ವ ಹೆಚ್ಚಿಸಿ. ಪೌಷ್ಟಿಕ ಪೇಯ ಕೊಡುವುದಾದರೆ ಎರಡು ಊಟಗಳ ನಡುವೆ ಕೊಡಿ, ಊಟದ ಬದಲಿಗೆ ಬೇಡ. ತಟ್ಟೆ ಹಿಂದಕ್ಕೆ ಹೋಗುವ ಮುನ್ನ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿ. ಈ ಒಂದು ಗುರುತಿನಿಂದ ಎಷ್ಟೋ ಹೊರಬೀಳುತ್ತದೆ: ತಟ್ಟೆಯನ್ನು ಕೈಗೆಟುಕದ ಮೇಜಿನ ಮೇಲೆ ಇಟ್ಟು ಹೋಗಿರುತ್ತಾರೆ, ಹಲ್ಲಿನ ಸೆಟ್ಟು ಡ್ರಾಯರಿನಲ್ಲೇ ಉಳಿದಿರುತ್ತದೆ, ಊಟದ ಹೊತ್ತಿಗೇ ಸ್ಕ್ಯಾನಿಂಗಿಗೆ ಕರೆದೊಯ್ದಿರುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಲಘು ಆಹಾರ ಆರು ಗಂಟೆ, ತಿಳಿ ದ್ರವ ಎರಡು ಗಂಟೆ ನಿಲ್ಲಿಸಿದರೆ ಸಾಕೆಂದು ನಿಯಮವಿದ್ದರೂ ಮಧ್ಯರಾತ್ರಿಯಿಂದಲೇ ಬಾಯಿ ಕಟ್ಟುತ್ತಾರೆ. ಸರದಿ ಸಂಜೆಗೆ ಹೋಗುತ್ತದೆ, ಆಮೇಲೆ ನಾಳೆಗೆ, ರಾತ್ರಿ ಮತ್ತೆ ಉಪವಾಸ. ಇದನ್ನೂ ಸೇರಿಸಿ ಕೂಡಿಸಿದಾಗಲೇ ‘ಐದು ದಿನದಿಂದ ಊಟವಿಲ್ಲ’ ಎಂಬ ಅಂಕ ಎಲ್ಲಿಂದ ಬಂತೆಂದು ತಿಳಿಯುವುದು.

ಇದರಿಂದ ಜೀವ ಉಳಿಯುತ್ತದೆಯೆ? ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ನಡೆದ ‘ಎಫರ್ಟ್’ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಸ್ಕ್ರೀನಿಂಗಿನಲ್ಲಿ ಅಪಾಯದ ಅಂಕ ಬಂದ 2028 ರೋಗಿಗಳಲ್ಲಿ ಒಂದು ಗುಂಪಿಗೆ ಡಯಟೀಷಿಯನ್ ಗುರಿ ಹಾಕಿ ಆಹಾರ ಹೊಂದಿಸಿದರು, ಇನ್ನೊಂದಕ್ಕೆ ಆಸ್ಪತ್ರೆಯ ಮಾಮೂಲು ಊಟ. 30 ದಿನಗಳಲ್ಲಿ ಸತ್ತವರು ಮೊದಲ ಗುಂಪಿನಲ್ಲಿ ಶೇ 7, ಎರಡನೆಯದರಲ್ಲಿ ಶೇ 10. ಸಾವು, ಐಸಿಯು, ಮರುದಾಖಲಾತಿ, ದೊಡ್ಡ ತೊಡಕು, ದೈನಂದಿನ ಶಕ್ತಿ ಕುಂದುವುದು ಎಲ್ಲ ಸೇರಿಸಿದರೆ ಶೇ 23 ಮತ್ತು ಶೇ 27. ಬಳಸಿದ್ದು ಬಹುಪಾಲು ಬಾಯಲ್ಲಿ ತಿನ್ನುವ ಆಹಾರ, ಜೊತೆಗೆ ಪೂರಕ ಪೇಯ.

ದೀರ್ಘಕಾಲದ ಕಾಯಿಲೆಯವರ ಪಾಡು ಇನ್ನೂ ಜಟಿಲ, ಅಲ್ಲಿ ತಪ್ಪು ಡಯಟ್ ಚಾರ್ಟೇ ಕಾಯಿಲೆ ತರುತ್ತದೆ. ಕಿಡ್ನಿ ಸೋಲುತ್ತಿರುವಾಗ, ಡಯಾಲಿಸಿಸ್ಸಿಗೆ ಮೊದಲು, ಸಕ್ಕರೆ ಕಾಯಿಲೆ ಇಲ್ಲದವರಿಗೆ ಪ್ರೋಟೀನನ್ನು ಕೆಜಿಗೆ 0.55ರಿಂದ 0.6 ಗ್ರಾಂಗೆ ಇಳಿಸುವುದುಂಟು. ಡಯಾಲಿಸಿಸ್ ಶುರುವಾದ ದಿನದಿಂದ ಲೆಕ್ಕ ತಿರುಗಿ 1.0ರಿಂದ 1.2 ಗ್ರಾಂ ಆಗುತ್ತದೆ, ಏಕೆಂದರೆ ಪ್ರತಿ ಸಲವೂ ಪ್ರೋಟೀನಿನ ಘಟಕವಾದ ಅಮೈನೊ ಆಮ್ಲ ಸೋರಿಹೋಗುತ್ತದೆ. ಮನೆಯಲ್ಲಿ ಮಾತ್ರ ಹಳೆಯ ಚಾರ್ಟೇ ಗೋಡೆಗೆ ಅಂಟಿಕೊಂಡಿರುತ್ತದೆ. ಲಿವರ್ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇದ್ದವರಿಗೆ ಮಂಪರು ಬಂದೊಡನೆ ಪ್ರೋಟೀನ್ ನಿಲ್ಲಿಸುವುದು ಇನ್ನೊಂದು ಹಳೆಯ ತಪ್ಪು, ಅವರಿಗೆ 1.2ರಿಂದ 1.5 ಗ್ರಾಂ ಬೇಕು. ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡಲಾಗದ ಲಿವರಿಗೆ ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ. ಆದ್ದರಿಂದ ಮಲಗುವ ಮುನ್ನ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುವ ತಿಂಡಿ ಕೊಡಬೇಕು. ಸಕ್ಕರೆ, ಕಿಡ್ನಿ, ಹೃದಯ ಮೂರೂ ಕೆಟ್ಟವರಿಗೆ ಮೂವರು ವೈದ್ಯರು ಮೂರು ‘ತಿನ್ನಬೇಡಿ’ ಪಟ್ಟಿ ಕೊಟ್ಟರೆ ತಟ್ಟೆಯಲ್ಲಿ ಉಳಿಯುವುದೇನು? ಇಂಥವರು ಸ್ಕ್ರೀನಿಂಗಿಗೆ ಸಿಕ್ಕಾಗಲೇ ಯಾರಾದರೊಬ್ಬರು ಮೂರೂ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡುವುದು.

ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಅಥವಾ ಗ್ಲೂಕೋಸ್ ಡ್ರಿಪ್ ಕೊಟ್ಟರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಇದೇ ರೀಫೀಡಿಂಗ್ ಸಿಂಡ್ರೋಮ್. ಬಿಎಂಐ 16ಕ್ಕಿಂತ ಕಡಿಮೆ, ಶೇ 15ಕ್ಕಿಂತ ಹೆಚ್ಚು ತೂಕ ನಷ್ಟ, ಹತ್ತು ದಿನಕ್ಕೂ ಮೀರಿ ಹೆಚ್ಚುಕಡಿಮೆ ಉಪವಾಸ, ಇವುಗಳಲ್ಲಿ ಒಂದಿದ್ದರೂ ಅಪಾಯವೆಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2006ರಲ್ಲೇ ಹೇಳಿದೆ. ಆಹಾರಕ್ಕೆ ಮೊದಲೇ ಥಯಾಮಿನ್ (ವಿಟಮಿನ್ ಬಿ1), ಆಮೇಲೆ ಕೆಜಿಗೆ 10 ಕ್ಯಾಲೊರಿ ಮೀರದಂತೆ ಆರಂಭ, ನಾಲ್ಕರಿಂದ ಏಳು ದಿನದಲ್ಲಿ ನಿಧಾನವಾಗಿ ಏರಿಕೆ, ನಡುವೆ ಲವಣಗಳ ರಕ್ತಪರೀಕ್ಷೆ. ತೂಕ ಕೇಳದವರಿಗೆ ಈ ರೋಗಿ ಯಾರೆಂದು ಗೊತ್ತಾಗುವುದು ಮೂರನೆಯ ದಿನ, ಬಡಿತ ತಪ್ಪಿದ ಮೇಲೆ.

ಅಧ್ಯಯನಗಳಲ್ಲಿ ಒಮ್ಮತವಿಲ್ಲ ಎಂಬ ಆಕ್ಷೇಪ ಬರುತ್ತದೆ. ಥರ್ಮಾಮೀಟರ್ ಇಡುವುದರಿಂದ ಸಾವು ಕಡಿಮೆಯಾಯಿತೆ ಎಂದು ಯಾರೂ ಪುರಾವೆ ಕೇಳುವುದಿಲ್ಲ. ಊಟದ ವಿಚಾರಕ್ಕೆ ಬಂದಾಗ ಮಾತ್ರ ಈ ಬಿಗಿ ಯಾಕೆ?

ವಿರೋಧ: ಎಲ್ಲರಿಗೂ ಬೇಡ, ಬೇಕಾದವರಿಗೆ ಪೂರ್ತಿ ಸಿಗಲಿ
(ಮೆಡಿಕಲ್ ವಾರ್ಡಿನ ವೈದ್ಯರೊಬ್ಬರ ವಾದ)

ರೋಗಿಗೆ ಊಟ ಮುಖ್ಯವಲ್ಲ ಎಂದು ವಾದಿಸಲು ನನ್ನಿಂದಾಗದು. ಪ್ರಶ್ನೆ ಇರುವುದು ‘ಪ್ರತಿಯೊಬ್ಬರಿಗೂ, ಕಡ್ಡಾಯವಾಗಿ’ ಎಂಬ ಮಾತಿನ ಬಗ್ಗೆ. ಆ ಮಾತನ್ನು ಒಪ್ಪದಿರಲು ಕಾರಣಗಳಿವೆ.

ಮೊದಲನೆಯದು ಪುರಾವೆ. ಆಸ್ಪತ್ರೆಯಲ್ಲಿರುವ ಅಪಾಯದಂಚಿನ ವಯಸ್ಕರಿಗೆ ಪೋಷಣಾ ಚಿಕಿತ್ಸೆ ಕೊಟ್ಟ 244 ಪ್ರಯೋಗಗಳನ್ನು, ಒಟ್ಟು 28,619 ರೋಗಿಗಳನ್ನು, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವಿಮರ್ಶೆ 2017ರಲ್ಲಿ ಒಟ್ಟುಗೂಡಿಸಿ ನೋಡಿತು. ಸಾವಿನಲ್ಲಾಗಲಿ ಗಂಭೀರ ತೊಡಕಿನಲ್ಲಾಗಲಿ ಸ್ಪಷ್ಟ ಲಾಭ ಕಾಣಲಿಲ್ಲ, ಪುರಾವೆಯ ಗುಣಮಟ್ಟವೂ ಕಳಪೆ. ‘ಫುಡ್’ ಪ್ರಯೋಗದಲ್ಲಿ 4023 ಪಾರ್ಶ್ವವಾಯು ರೋಗಿಗಳಲ್ಲಿ ಅರ್ಧ ಮಂದಿಗೆ ಊಟದ ಜೊತೆ ಪೂರಕ ಪೇಯ ಕೊಟ್ಟರು. 2005ರ ಆ ಫಲಿತಾಂಶದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎಲ್ಲರಿಗೂ ಹಂಚಿದರೆ ಆಗುವುದು ಇಷ್ಟೇ. ಎದುರು ಪಕ್ಷದವರು ಬಹಳ ನೆಚ್ಚಿರುವ ಸ್ವಿಸ್ ಪ್ರಯೋಗದಲ್ಲೇ ಇನ್ನೊಂದು ಮಾತಿದೆ. ರಕ್ತಪರೀಕ್ಷೆಯಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಲೀಟರಿಗೆ 100 ಮಿ.ಗ್ರಾಂ ದಾಟಿದ, ಅಂದರೆ ಉರಿಯೂತ ಜೋರಾಗಿದ್ದ ರೋಗಿಗಳಲ್ಲಿ ಸಾವು ತಗ್ಗಿಸುವ ಲಾಭ ಕಾಣಲಿಲ್ಲ. ಅಂಕ ಒಂದೇ ಇದ್ದರೂ ದೇಹ ಆಹಾರವನ್ನು ಬಳಸಿಕೊಳ್ಳುವ ಸ್ಥಿತಿಯಲ್ಲಿ ಇರಬೇಕಲ್ಲ.

ಇನ್ನು ಅಳತೆಪಟ್ಟಿಗಳು. ಒಬ್ಬನೇ ರೋಗಿಗೆ ಒಂದು ಪಟ್ಟಿ ಅಪಾಯವಿದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ‘ಎನ್‌ಆರ್‌ಎಸ್-2002’ ಪಟ್ಟಿಯಲ್ಲಿ 70 ವರ್ಷ ತುಂಬಿದರೆ ತಾನೇ ಒಂದು ಅಂಕ, ತೀವ್ರ ನಿಗಾ ಬೇಕಾದ ಕಾಯಿಲೆಗೆ ಮೂರು. ಅಪಾಯದ ಗೆರೆಯೂ ಮೂರೇ. ಹಾಗಾಗಿ ಐಸಿಯುನಲ್ಲಿರುವ ಹೆಚ್ಚುಕಡಿಮೆ ಎಲ್ಲರೂ ಗೆರೆ ದಾಟುತ್ತಾರೆ. ಅವರಲ್ಲಿ ಯಾರಿಗೆ ಮೊದಲು ಗಮನ ಬೇಕು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ‘ಅಪಾಯವಿದೆ, ಇನ್ನಷ್ಟು ಕೊಡಿ’ ಎಂಬ ಉತ್ಸಾಹ ಎಲ್ಲಿಗೆ ಹೋಗಬಹುದೆಂದು 2023ರ ಪ್ರಯೋಗವೊಂದು ತೋರಿಸಿತು. ವೆಂಟಿಲೇಟರ್ ಮೇಲಿದ್ದ ರೋಗಿಗಳಿಗೆ ಕೆಜಿಗೆ 2.2 ಗ್ರಾಂನಷ್ಟು ಪ್ರೋಟೀನ್ ಗುರಿಯಿಟ್ಟು ಕೊಟ್ಟರೂ ಚೇತರಿಕೆ ಬೇಗವಾಗಲಿಲ್ಲ. ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದವರಿಗೆ ಕೆಡುಕೇ ಆಯಿತು.

ಡಯಾಲಿಸಿಸ್ ರೋಗಿಗಳಲ್ಲಂತೂ ಪಟ್ಟಿ ದಾರಿ ತಪ್ಪಿಸುತ್ತದೆ. ಸ್ನಾಯು ಕರಗುತ್ತಿದ್ದರೂ ಅದರ ಜಾಗದಲ್ಲಿ ನೀರು ನಿಂತು ತೂಕ ಮೊದಲಿನಷ್ಟೇ ಇರುತ್ತದೆ. ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ತಗ್ಗಿಸದೆ ಹಳೆಯ ಸಂಖ್ಯೆಗೇ ನೀರು ತೆಗೆದು ನಿಲ್ಲಿಸಿದರೆ ಎರಡು ಮೂರು ಲೀಟರ್ ಒಳಗೇ ಉಳಿದು ಬಿಪಿ ಏರುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ‘ಮಸ್ಟ್’ ಇಲ್ಲಿ ಸೊನ್ನೆ ತೋರಿಸುತ್ತದೆ. ಇಲ್ಲಿ ಬೇಕಾದದ್ದು ತಿಂಗಳಿಗೊಮ್ಮೆ ಕಾಲು, ಕುತ್ತಿಗೆಯ ರಕ್ತನಾಳ, ಹಿಡಿತದ ಬಲ, ಹಸಿವು ಎಲ್ಲವನ್ನೂ ನೋಡಿ ಡ್ರೈ ವೇಟ್ ತಿದ್ದುವ ಅನುಭವಿ ಕಣ್ಣು.

ಕೊನೆಗೆ ಕೈಗಳ ಲೆಕ್ಕ. ಬೆಳಿಗ್ಗೆ ಬಂದು ಸಂಜೆ ಹೋಗುವ ಕಣ್ಣಿನ ಶಸ್ತ್ರಚಿಕಿತ್ಸೆಯವರಿಗೂ, ಕೈ ಮುರಿದು ಬಂದ ಯುವಕನಿಗೂ ಪಟ್ಟಿ ತುಂಬಲು ಹೊರಟರೆ ರಾತ್ರಿ ಪಾಳಿಯ ನರ್ಸ್ ಬೆಳಗಾಗುವ ಹೊತ್ತಿಗೆ ಎಲ್ಲರಿಗೂ ಸೊನ್ನೆ ಬರೆದಿರುತ್ತಾರೆ, ನಿಜವಾಗಿ ಅಳೆಯಬೇಕಾದವರಿಗೂ. ಅಂಕ ಸರಿಯಾಗಿ ಬಂದರೂ ಡಯಟೀಷಿಯನ್ ಮಂಚದ ಬಳಿ ಬರುವುದು ನಾಲ್ಕನೆಯ ದಿನ, ಡಿಸ್ಚಾರ್ಜ್ ಮೂರನೆಯ ದಿನ. ಇದೆಲ್ಲ ಕೊನೆಗೆ ಪ್ರತಿ ಮಂಚದ ಪಕ್ಕ ಒಂದು ಪ್ರೋಟೀನ್ ಪುಡಿ ಡಬ್ಬಿ ಇಡುವಲ್ಲಿ ನಿಲ್ಲುತ್ತದೆ, ಅದನ್ನು ಕುಡಿದು ಹೊಟ್ಟೆ ತುಂಬಿದ ರೋಗಿ ಊಟದ ತಟ್ಟೆಯನ್ನು ಹಾಗೇ ಹಿಂದಕ್ಕೆ ಕಳಿಸುತ್ತಾರೆ.

ರೀಫೀಡಿಂಗ್ ಅಪಾಯದ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ. ಬಹಳ ದಿನ ಉಪವಾಸವಿದ್ದವರನ್ನು ಗುರುತಿಸದೆ ಡ್ರಿಪ್ ಹಾಕಬಾರದು. ಆದರೆ ಅದಕ್ಕೆ ‘ಕೊನೆಯ ಸಲ ಹೊಟ್ಟೆ ತುಂಬ ಉಂಡದ್ದು ಯಾವಾಗ’ ಎಂಬ ಒಂದು ಪ್ರಶ್ನೆಯನ್ನು ದಾಖಲಾತಿಯ ವೇಳೆ ವೈದ್ಯರೇ ಕೇಳಿದರೆ ಆಗುತ್ತದೆ. ತೂಕವನ್ನು ಎಲ್ಲರಿಗೂ ನೋಡಿ, ವಾರಕ್ಕೊಮ್ಮೆ ಮತ್ತೆ ನೋಡಿ. ಅದಕ್ಕೆ ಅಂಕಪಟ್ಟಿ ಬೇಕಿಲ್ಲ. ಊಟದ ಹೊತ್ತಿನಲ್ಲಿ ರೌಂಡ್ಸ್, ಸ್ಕ್ಯಾನ್ ಎರಡನ್ನೂ ನಿಲ್ಲಿಸಿ. ಪೂರ್ಣ ಸ್ಕ್ರೀನಿಂಗನ್ನು ಕ್ಯಾನ್ಸರ್, ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸೆ, ಸಿರೋಸಿಸ್, ನುಂಗಲು ಕಷ್ಟವಾದ ಪಾರ್ಶ್ವವಾಯು ರೋಗಿಗಳಿಗೆ ಮತ್ತು ಐದು ದಿನಕ್ಕಿಂತ ಹೆಚ್ಚು ಉಳಿಯಲಿರುವ ವೃದ್ಧರಿಗೆ ಮಾಡಿ. ಅವರಲ್ಲಿ ಅಂಕ ಬಂದವರನ್ನು ಅದೇ ದಿನ ಡಯಟೀಷಿಯನ್ ನೋಡುವಂತಾಗಬೇಕು.