ಮೂರು ದಿನದ ಮೆಟ್ಟಿಲಿನ ಮೇಲೆ ಸಿಲಿಂಡರ್

ಗ್ಯಾಸ್ ಸಿಲಿಂಡರ್ ತಂದವನಿಗೆ ಹಗ್ಗ ಕಾಣಲಿಲ್ವಂತೆ! ಮನೆ ಮುಂದಿನ ಮೆಟ್ಟಿಲ ಹಳೇ ಅಂಚು ತೆಗೆದು ನಾನೇ ಹೊಸ ಕಾಂಕ್ರೀಟ್ ತುಂಬಿ ಇವತ್ತಿಗೆ ಮೂರು ದಿನ. ಎರಡೂ ಕಡೆ ಮೂರು ಮೂರು ಇಟ್ಟಿಗೆ, ನಡುವೆ ಕೆಂಪು ಪ್ಲಾಸ್ಟಿಕ್ ಹಗ್ಗ, ಮೆಟ್ಟಿಲ ಮೇಲೆ ನೀರು ತೊಟ್ಟಿಕ್ಕೋ ಗೋಣಿಚೀಲ. ಇಷ್ಟಿದ್ದೂ ಕಾಣಲಿಲ್ಲ ಅಂದ್ರೆ ಇನ್ನೇನಿಡಬೇಕಿತ್ತು?

ತುಂಬಿದ ಸಿಲಿಂಡರನ್ನ ತಂದು ಎರಡನೇ ಮೆಟ್ಟಿಲ ಅಂಚಿಗೆ ಧೊಪ್ ಅಂತ ಇಟ್ಟ. ಆಮೇಲೆ ಓರೆ ಮಾಡಿ ಬುಡದ ಬಳೆ ಮೇಲೆ ಉರುಳಿಸಿದ. ಗ್ಯಾಸೇ 14.2 ಕಿಲೋ, ಖಾಲಿ ಸಿಲಿಂಡರ್ ಇನ್ನೊಂದು 15-16 ಕಿಲೋ. ನೆಟ್ಟಗಿದ್ರೆ ಭಾರ ಬಳೆ ಸುತ್ತ ಹಂಚಿಹೋಗತ್ತೆ. ಓರೆಯಾದ್ರೆ ಆ ಮೂವತ್ತು ಕಿಲೋ ಪೂರ್ತಿ ಹೆಬ್ಬೆರಳಗಲದ ಜಾಗಕ್ಕೆ ಬೀಳತ್ತೆ, ಅದೂ ತುತ್ತತುದಿಗೆ. ಟಕ್ ಅಂತು. ನಾಲ್ಕಿಂಚು ಮೂಲೆ ಕೆಳಗೆ ಬಿತ್ತು.

ಅದನ್ನಾದ್ರೂ ತಡ್ಕೋಬಹುದು. ಆ ಚೂರನ್ನ ಎತ್ಕೊಂಡು, ಬೆರಳಲ್ಲಿ ಉಜ್ಜಿ ನೋಡಿ, ಬೀದಿಗೆಲ್ಲ ಕೇಳೋ ಹಾಗೆ "ಸಿಮೆಂಟೇ ಹಾಕಿಲ್ವಲ್ಲ ಸಾರ್, ಬರೀ ಮಣ್ಣಿದ್ದಂಗೈತೆ" ಅಂದ. ಎದುರುಮನೆ ಜಗಲಿ ಮೇಲೆ ನಾಲ್ಕು ಜನ. ಅಜ್ಜಿ ಅಲ್ಲಿಂದಲೇ "ಮೇಸ್ತ್ರಿನ ಕರೆಸಬಾರದಿತ್ತೇನಪ್ಪ" ಅಂದ್ರು. ನನಗೆ ಬಾಯಿಂದ ಒಂದಕ್ಷರ ಹೊರಡಲಿಲ್ಲ. ದುಡ್ಡು ಎಣಿಸಿ ಕೊಟ್ಟೆ, ಮೇಲೆ ಇಪ್ಪತ್ತು ರೂಪಾಯಿ ಸೇರಿಸಿ ಕೊಟ್ಟೆ, "ಆಯ್ತು ಬಿಡಪ್ಪ" ಅಂದೆ. ಯಾಕೆ ಅಂದೆ? ಬೆಳಿಗ್ಗೆಯಿಂದ ಕಿವಿಯಲ್ಲಿ ಅದೊಂದೇ ಮಾತು. ಸಿಮೆಂಟೇ ಹಾಕಿಲ್ವಂತೆ.

ಹಾಕಿಲ್ವಾ? ಒಂದು ಪಾಲು ಸಿಮೆಂಟು, ಎರಡು ಪಾಲು ಎಂ-ಸ್ಯಾಂಡು (ಕಲ್ಲು ಪುಡಿ ಮಾಡಿದ ಮರಳು), ಎರಡು ಪಾಲು 6 ಎಂಎಂ ಬೇಬಿ ಜಲ್ಲಿ. ಹತ್ತು ಕಿಲೋ ಸಿಮೆಂಟಿಗೆ ನಾಲ್ಕೂವರೆ ಲೀಟರ್ ನೀರು, ಅಳೆದು. ಕಲಸೋಕೆ ಸುಲಭ ಅಂತ ಇನ್ನೊಂದು ಚೊಂಬು ಹುಯ್ದರೆ ಬಲ ಅಲ್ಲೇ ಹೋಯ್ತು, ಒಣಗುವಾಗ ಬಿರುಕೂ ಬಿಡತ್ತೆ. ಸಿಮೆಂಟ್ ಚೀಲದ ಮೇಲೆ ವಾರ, ವರ್ಷ ಅಚ್ಚಾಗಿರತ್ತೆ, ಮೂರು ತಿಂಗಳು ದಾಟಿದ್ದನ್ನ ಮುಟ್ಟಲಿಲ್ಲ. ಹಳೇ ಅಂಚನ್ನ ಉಳಿ ಹಿಡಿದು, ಪೊಳ್ಳು ಸದ್ದು ಹೋಗಿ ಠಣ್ ಅನ್ನೋವರೆಗೂ ಒಡೆದಿದ್ದು, ಎಲ್ಲೂ ಒಂದಿಂಚಿಗೆ ಕಮ್ಮಿ ಆಳ ಇಲ್ಲ. ಕಾಲಿಂಚು ಸವರಿಬಿಟ್ಟರೆ ಎಷ್ಟೇ ಸಿಮೆಂಟಿದ್ರೂ ಹಪ್ಪಳದ ಹಾಗೆ ಏಳತ್ತೆ. ಆರಾರು ಇಂಚಿಗೆ ತೂತು ಕೊರೆದು 6 ಎಂಎಂ ಕಂಬಿ ತುಂಡು ಎಪಾಕ್ಸಿ ಅಂಟಿನಲ್ಲಿ ಕೂರಿಸಿದ್ದು, ತುದಿ ಹೊರಮೈಯಿಂದ ಮುಕ್ಕಾಲಿಂಚು ಒಳಗೆ. ಇಲ್ಲದಿದ್ರೆ ಕಂಬಿ ತುಕ್ಕು ಹಿಡಿದು ಉಬ್ಬಿ ಅದೇ ಅಂಚನ್ನ ಒಡೆಯತ್ತೆ. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ನಿಂತ ನೀರು ಒರೆಸಿ, ಎಸ್‌ಬಿಆರ್ ಲ್ಯಾಟೆಕ್ಸ್ (ಹಳೇದಕ್ಕೆ ಹೊಸದನ್ನ ಬೆಸೆಯೋ ಅಂಟು ದ್ರವ) ಬೆರೆಸಿದ ಸಿಮೆಂಟ್ ಹಾಲು ಬ್ರಷ್‌ನಲ್ಲಿ ಬಳಿದು, ಅದು ಹಸಿ ಇರುವಾಗಲೇ ಕಾಂಕ್ರೀಟ್ ತುಂಬಿದ್ದು. ಮುಂದುಗಡೆ ಎಣ್ಣೆ ಹಚ್ಚಿದ ಹಲಗೆ. ಮಳೆ ನೀರು ನಿಲ್ಲದಿರಲಿ ಅಂತ ಹನ್ನೊಂದಿಂಚಿಗೆ 3 ಎಂಎಂ ಇಳಿಜಾರು.

ಇದಕ್ಕೆ ಮಣ್ಣು ಅಂತಾನೆ.

ನಾನು ಹಾಕಿದ ಪಿಪಿಸಿ, ಅಂದ್ರೆ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟಿಗೆ ಐಎಸ್ (ಭಾರತೀಯ ಮಾನಕ) ಕೇಳೋ ಬಲ 3 ದಿನಕ್ಕೆ 16, 7 ದಿನಕ್ಕೆ 22, 28 ದಿನಕ್ಕೆ 33 ಮೆಗಾಪಾಸ್ಕಲ್. ಇವತ್ತು ಮೂರನೇ ದಿನ. ಅರ್ಧ ಬಲವೂ ಬಂದಿರಲ್ಲ ಕಣ್ರೀ! ಅದಕ್ಕೇ ಅಲ್ವಾ ಹಗ್ಗ ಕಟ್ಟಿದ್ದು? ಹತ್ತು ದಿನ ಗೋಣಿಚೀಲ ಒದ್ದೆ ಇಡಬೇಕು ಅನ್ನೋದು ಅದಕ್ಕೇ.

ಅವನನ್ನ ಬೈದು ಏನು ಬಂತು, ಪಾಪ. ಬಿಸಿಲಲ್ಲಿ ಎಷ್ಟು ಮನೆ ಮೆಟ್ಟಿಲು ಹತ್ತಿಳಿಯಬೇಕೋ. ಹೋಗಲಿ ಬಿಡಿ ಅಂತ ಕೂತೆ. ಕೂತು ಆ ಚೂರನ್ನ ತಿರುಗಿಸಿ ನೋಡಿದೆ. ಅಡಿಯಲ್ಲಿ ಹಳೇ ಕಾಂಕ್ರೀಟಿನ ಚಕ್ಕೆ ಹಾಗೇ ಅಂಟ್ಕೊಂಡು ಬಂದಿದೆ. ಅಂದ್ರೆ ಬೆಸುಗೆ ಬಿಟ್ಟಿಲ್ಲ, ಹಳೇದನ್ನೇ ಕಿತ್ಕೊಂಡು ಬಂದಿದೆ. ಮಣ್ಣಾಗಿದ್ರೆ ಹಿಡ್ಕೊಳ್ತಿತ್ತಾ? ಎಡತುದಿಯಲ್ಲಿ ಬೆರಳಗಲ ಮಾತ್ರ ನುಣ್ಣಗಿದೆ, ಅಲ್ಲಿ ಸಿಮೆಂಟ್ ಹಾಲು ಮೊದಲೇ ಒಣಗಿ ಬೆಳ್ಳಗಾಗಿತ್ತು. ಕೊನೇ ಕಂಬಿಯೂ ಮೂಲೆಯಿಂದ ಐದಿಂಚು ಒಳಗೆ ನಿಂತಿತ್ತು. ಮೂಲೆಗೇ ಒಂದು ಕಂಬಿ ಬೇಕಿತ್ತು. ಇದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಸಿಮೆಂಟ್ ಹಾಕಿಲ್ಲ ಅನ್ನೋ ಮಾತನ್ನ ಒಪ್ಪಲ್ಲ.

ಮೇಸ್ತ್ರಿನ ಕರೀಬೇಕಿತ್ತಂತೆ. ಕರೆದಿದ್ದೆ! ಬಂದ ಮೂವರೂ "ಒಡೆದಾಕಿ ಟೈಲ್ಸ್ ಹಾಕ್ಸಿ ಸಾರ್" ಅಂದ್ರು. ಮೈಸೂರಿನ ಚಾಮುಂಡಿಪುರಂ, ಕೃಷ್ಣಮೂರ್ತಿಪುರಂ ಕಡೆ ಹಳೇ ಮನೆಗಳ ಕೆಂಪು ನೆಲ ಹೋಗ್ತಿರೋದೇ ಹೀಗೆ, ಒಂದು ಗೆರೆ ಬಿರುಕಿಗೆ ನಡುಮನೆ ಪೂರ್ತಿ ಅಗೆದು. ಬಿರುಕನ್ನ ಅಗಲಿಸಿ, ಹತ್ತು ಕಿಲೋ ಸಿಮೆಂಟಿಗೆ ಒಂದು ಕಿಲೋ ರೆಡ್ ಆಕ್ಸೈಡ್ ಪುಡಿ ನೀರು ಹಾಕೋ ಮೊದಲೇ ಜರಡಿ ಹಿಡಿದು ಬೆರೆಸಿ ತುಂಬಿದ್ರೆ ಸಾಕು. ಬಣ್ಣ ಒಂದಿಷ್ಟು ಬೇರೆ ಕಾಣತ್ತೆ, ಕಾಣಲಿ. ಇನ್ನು ಮೆಟ್ಟಿಲಿಗೆ ಟೈಲ್ಸು: ಹಳೇದರ ಮೇಲೇ ಗಾರೆ ಹಾಕಿ ಕೂರಿಸಿದ್ರೆ ಒಂದೂವರೆ ಇಂಚು ಏರತ್ತೆ. ಅಂಗಳ, ಹೊಸ್ತಿಲು ಏರಲ್ಲ. ಮೊದಲನೇ ಮೆಟ್ಟಿಲು ಎತ್ತರ, ಕೊನೇದು ಗಿಡ್ಡ. ಮನೆ ಮೆಟ್ಟಿಲು 190 ಎಂಎಂ ಮೀರಬಾರದು ಅನ್ನತ್ತೆ ರಾಷ್ಟ್ರೀಯ ಕಟ್ಟಡ ಸಂಹಿತೆ. ನಮ್ಮದು ಈಗಲೇ 180. ರಾತ್ರಿ ಕರೆಂಟ್ ಹೋದಾಗ ಇಳಿಯೋ ವಯಸ್ಸಾದವರ ಕಾಲಿಗೆ ಆ ಲೆಕ್ಕ ಗೊತ್ತಾಗತ್ತಾ?

ಏಜೆನ್ಸಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಿದ್ರೂ ನಾಲ್ಕಿಂಚು ಮೂಲೆಗೆ ಏನು ಕೊಡ್ತಾರೆ? ಬೇಡ. ಆದ್ರೆ ಯಾರಾದ್ರೂ ಒಬ್ಬರು ಉತ್ತರ ಹೇಳಿ: ಹಗ್ಗ ಕಟ್ಟಿದ ಮೆಟ್ಟಿಲ ಮುಂದೆ ನಿಂತು "ಸಾರ್, ಎಲ್ಲಿ ಇಡಲಿ" ಅಂತ ಕೂಗೋಕೆ ಎಷ್ಟು ಹೊತ್ತು ಬೇಕು?

ಗಾರೆ ಕೆಲಸ ಗೊತ್ತಿರೋರು ಇನ್ನೊಂದು ಹೇಳಿ. ಮೂಲೆಗೆ ಈಗಲೇ ಕಂಬಿ ಕೊರೀಬೇಕು ಅಂದ್ರೆ ಡ್ರಿಲ್ಲಿನ ಅದುರಿಗೆ ಪಕ್ಕದ ಹಸಿ ಅಂಚೂ ಬಿರಿಯತ್ತೆ ಅಂತ ಭಯ. 28 ದಿನ ಕಾಯಲಾ, ಏಳೇ ದಿನ ಸಾಕಾ?