ಸ್ಪಷ್ಟನೆ: ಸೈಕಲ್ ಸವಾರರು ಅಂಚು ಬಿಟ್ಟು ಹೋಗುವುದು ಹಟಕ್ಕಲ್ಲ

‘ಸೈಕಲ್‌ನವರು ಬೇಕೆಂದೇ ಅಡ್ಡ ಬರುತ್ತಾರೆ, ಅಂಚಿಗೆ ಅಂಟಿಕೊಂಡು ಹೋದರೆ ಸುರಕ್ಷಿತ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ನಿಂತ ಕಾರಿನ ಬಾಗಿಲು ಪೂರ್ತಿ ತೆರೆದರೆ ಸುಮಾರು 1 ಮೀಟರ್ ಹೊರಚಾಚುತ್ತದೆ. ಅದು ಹ್ಯಾಂಡಲ್ ತುದಿಗೆ ತಾಗಿದರೂ ಸಾಕು, ಚಕ್ರ ಬಾಗಿಲ ಕಡೆ ತಿರುಚಿಕೊಂಡು ಸವಾರ ವಾಹನಗಳ ಕಡೆಗೇ ಬೀಳುತ್ತಾನೆ. ಅಂಚಿನಲ್ಲಿ ಜಲ್ಲಿ, ಗಾಜಿನ ಚೂರು ಬೇರೆ. ಚರಂಡಿ ಜಾಲರಿಯ ಸಂದಿಗಳು ಉದ್ದುದ್ದಕ್ಕಿದ್ದರೆ ತೆಳು ಟೈರ್ ಸಿಕ್ಕಿಕೊಳ್ಳುತ್ತದೆ.

ಕಿರಿದಾದ ರಸ್ತೆಯಲ್ಲಿ ಅಂಚಿಗೆ ಸರಿದರೆ ಹಿಂದಿನವರು ತೂರಿಕೊಂಡು ಹೋಗಲು ನೋಡುತ್ತಾರೆ, ಅಪಾಯ ಇನ್ನೂ ಹೆಚ್ಚು. ಹಿಂದಿನಿಂದ ಹಾರ್ನ್ ಬಾರಿಸುವುದಂತೂ ವ್ಯರ್ಥ: ಬೆಚ್ಚಿ ತಿರುಗಿ ನೋಡಿದರೆ ಹ್ಯಾಂಡಲ್ಲೂ ಅತ್ತಲೇ ವಾಲುತ್ತದೆ. ಚಾಲಕರೇ, ಸೈಕಲ್ ಪಕ್ಕದಲ್ಲಿ 1.5 ಮೀಟರ್ ಜಾಗ ಬಿಡಲಾಗದಿದ್ದರೆ ಹಿಂದೆಯೇ ಇರಿ. ರಸ್ತೆ ಅಗಲವಾದಲ್ಲಿ ದಾರಿ ಬಿಡಬೇಕಾದ್ದು ಸವಾರರೇ, ಅದು ನಿಜ.