ಬಿಳಿ ಕಡೆ ಕಾಣಬಾರದಂತೆ!

ನಿನ್ನೆ ಮೊಮ್ಮಗಳ ಶಾಲೆಯ ಗಣಿತ ಮೇಳಕ್ಕೆ ಅಂತ ಮೈಸೂರಿಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ಸಲ್ಲಿ ಒಬ್ಬಳೇ ಗೊಣಗಿಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಎದ್ದು ಬೇರೆ ಸೀಟಿಗೆ ಹೋದರು.

ವಿಷಯ ಇಷ್ಟೇ. ನಾಲ್ಕನೇ ಕ್ಲಾಸಿನವರಿಗೆ ಟ್ಯಾಂಗ್ರಾಮ್ ಇಟ್ಟಿದ್ದರು. ಒಂದು ಚೌಕವನ್ನು ಏಳು ತುಂಡು ಮಾಡಿದ ಚೀನಾದ ಆಟ ಅದು. ಐದು ತ್ರಿಭುಜ, ಒಂದು ಸಣ್ಣ ಚೌಕ, ಒಂದು ಸಮಾಂತರ ಚತುರ್ಭುಜ. ರಟ್ಟಿನ ಒಂದೇ ಕಡೆಗೆ ಬಣ್ಣದ ಕಾಗದ ಅಂಟಿಸಿದ್ದರು. ಅವನ್ನು ಜೋಡಿಸಿ ಹಾಳೆಯಲ್ಲಿರುವ ಚಿತ್ರ ಮಾಡಬೇಕು. ನಮ್ಮ ಪುಟ್ಟಿ ಬೆಕ್ಕು ಮಾಡುತ್ತಿದ್ದಳು, ಬಾಲಕ್ಕೆ ಆ ಸಮಾಂತರ ಚತುರ್ಭುಜ ಇಡುವ ಹತ್ತಿರ ಬಂದು ನಿಂತಳು. ಉದ್ದದ ಬದಿ ಕೆಳಗಿಟ್ಟರೆ ಹಾಳೆಯಲ್ಲಿರುವ ತುಂಡು ಬಲಕ್ಕೆ ವಾಲುತ್ತೆ, ಇವಳದು ಎಡಕ್ಕೆ. ಎಷ್ಟು ತಿರುಗಿಸಿದರೂ ಕೂರುತ್ತಿಲ್ಲ.

"ದೋಸೆ ಮಗುಚೋ ಹಾಗೆ ಮಗುಚಿ ಹಾಕು ಪುಟ್ಟಿ" ಅಂದೆ.

"ಬೇಡ ಅಜ್ಜಿ, ಬಿಳಿ ಕಡೆ ಕಾಣಬಾರದು ಅಂತ ಮಿಸ್ ಹೇಳಿದ್ದಾರೆ. ಫೋಟೋ ಚೆನ್ನಾಗಿ ಬರಲ್ಲವಂತೆ."

ಫೋಟೋ!

ಮಿಕ್ಕ ಆರು ತುಂಡನ್ನು ಮಗುಚಿದರೂ ಒಂದೇ, ಬಿಟ್ಟರೂ ಒಂದೇ. ಮಗುಚಿದರೆ ಬೇರೆಯಾಗುವುದು ಅದೊಂದೇ ತುಂಡು. ತಿರುಗಿಸುವುದಕ್ಕೂ ಮಗುಚುವುದಕ್ಕೂ ಏನು ವ್ಯತ್ಯಾಸ ಅನ್ನೋದನ್ನು ಮಗು ಬೆರಳಲ್ಲಿ ಕಲಿಯುವ ಜಾಗ ಅದು. ಅಲ್ಲಿಗೇ ಬೀಗ ಹಾಕಿದರೆ ಉಳಿಯುವುದೇನು? ಬೆಕ್ಕಿನ ಚಿತ್ರ.

ಆ ಹುಡುಗಿಗೆ, ಅಂದರೆ ಆ ಮಿಸ್‌ಗೆ, ಮೆಲ್ಲಗೆ ಹೇಳಿದೆ. "ನಲವತ್ತು ಮಕ್ಕಳು ಮೇಡಂ, ಪೋರ್ಷನ್ ಬೇರೆ ಮುಗಿಸಬೇಕು, ಇದು ಸುಮ್ನೆ ಆಟ ಅಲ್ವಾ" ಅಂದರು. ನಲವತ್ತು ಮಕ್ಕಳ ಕಷ್ಟ ನನಗೆ ಗೊತ್ತು, ನನಗೆ ಒಮ್ಮೆ ಎರಡು ಕ್ಲಾಸು ಸೇರಿಸಿ ಕೊಟ್ಟಿದ್ದರು. ಆದರೆ ಸುಮ್ನೆ ಆಟ? ಈ ಏಳನ್ನೂ ಜೋಡಿಸಿ ಎಲ್ಲೂ ಒಳಕ್ಕೆ ತಗ್ಗಿಲ್ಲದ ಆಕೃತಿ ಮಾಡಲು ಹೋದರೆ ಬರೀ 13 ಸಿಗುತ್ತವೆ. 1942ರಲ್ಲಿ ಇಬ್ಬರು ಚೀನೀ ಗಣಿತಜ್ಞರು ಅದನ್ನು ಸಾಧಿಸಿಯೇ ತೋರಿಸಿದರು. ಅವರೂ ಫೋಟೋಗೆ ಅಂತ ಕೂತಿದ್ದರೇನೋ.

ನಮ್ಮ ಹಳ್ಳಿ ಶಾಲೆಯಲ್ಲಿ ನಾನು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕೊಡುತ್ತಿದ್ದೆ. ಗಣಪತಿ ಮೇಲೆ ಬಂದರೂ ಸರಿ, ವಧೂವರರ ಹೆಸರು ಮೇಲೆ ಬಂದರೂ ಸರಿ. ಒಮ್ಮೆ ಮಧ್ಯದ ತ್ರಿಭುಜ, ಚೌಕ, ಸಮಾಂತರ ಚತುರ್ಭುಜ ಮೂರನ್ನೂ ಇಟ್ಟು ಯಾವುದು ದೊಡ್ಡದು ಅಂತ ಕೇಳಿದೆ. ತ್ರಿಭುಜ ಅಂತ ಇಡೀ ಕ್ಲಾಸು ಕೂಗಿತು. ಕೊನೇ ಸಾಲಿನ ಒಬ್ಬ ಹುಡುಗ ಮಾತ್ರ ಕೂಗಲಿಲ್ಲ. ಎರಡು ಚಿಕ್ಕ ತ್ರಿಭುಜ ತಗೊಂಡು ಮೂರರ ಮೇಲೂ ಒಂದೊಂದಾಗಿ ಮುಚ್ಚಿ ನೋಡಿದ. ಸರಿಯಾಗಿ ಕೂತವು. "ಆಕಾರ ಬ್ಯಾರೆ, ಗುಂಟೆ ಒಂದೇಯ ಮಿಸ್" ಅಂದ. ಮನೆಯಲ್ಲಿ ಆಗ ಜಮೀನು ಭಾಗ ನಡೀತಿತ್ತು. ವಿಸ್ತೀರ್ಣ ಅನ್ನೋ ಪಾಠ ಅವನಿಗೆ ನಾನು ಬೇರೆ ಮಾಡಲಿಲ್ಲ.

ಮತ್ತೆ ಅದೇ ಬಿಳಿ ಕಡೆಗೆ ಬರುತ್ತೇನೆ, ತಲೆಯಿಂದ ಹೋಗುತ್ತಿಲ್ಲ. ಪುಟ್ಟಿಯ ಬೆಕ್ಕಿಗೆ ಬಾಲ ಇಲ್ಲದೆಯೇ ಫೋಟೋ ತೆಗೆದರು. ವಾಟ್ಸಾಪ್ ಗ್ರೂಪಿಗೆ ಬಂದಿದೆ. ಇಪ್ಪತ್ತೆರಡು ಜನ ಚಪ್ಪಾಳೆ ಹಾಕಿದ್ದಾರೆ.

ಆ ಹುಡುಗಿಯನ್ನು ಜಾಸ್ತಿ ಬೈಯೋಕೂ ನನಗೆ ಮುಖ ಇಲ್ಲ. ಲಗ್ನಪತ್ರಿಕೆಯ ಕಥೆ ಹೇಳಿ ಮೆರೆದೆನಲ್ಲ, ಅದನ್ನು ಯಾಕೆ ಕತ್ತರಿಸುತ್ತಿದ್ದೆ ಅಂತ ಹೇಳಲಿಲ್ಲ. ಶಾಲೆಗೆ ಮರದ ಟ್ಯಾಂಗ್ರಾಮ್ ಬಂದಿತ್ತು, ನುಣುಪಾಗಿ ಪಾಲಿಶ್ ಮಾಡಿದ್ದು. ಒಂದು ತುಂಡು ಕಳೆದರೆ ಸ್ಟಾಕ್ ರಿಜಿಸ್ಟರಿಗೆ ನಾನೇ ಉತ್ತರ ಕೊಡಬೇಕು ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ರಿಟೈರ್ ಆದ ದಿನ ಚಾರ್ಜ್ ಕೊಡುವಾಗ ತೆಗೆದು ಎಣಿಸಿದೆವು. ಏಳಕ್ಕೆ ಏಳೂ ಇದ್ದವು. ಒಂದಕ್ಕೂ ಗೀರು ಬಿದ್ದಿರಲಿಲ್ಲ.